ಮೂವತ್ತೇಳನೆಯ ಪುಟ

ಊರಿಗೆ ಬರುತ್ತಿದ್ದುದು ಒಂದೇ ಪ್ರತಿ.
ಕುತೈಸಿಯ ರೈಲಿನಲ್ಲಿ, ತಿಂಗಳಿಗೊಮ್ಮೆ, ಬಂದರೆ ಬಂತು.
ಓದುಗರು ಹನ್ನೊಂದು ಮಂದಿ.
ಕೆಳಗೆ ಕ್ವಿರಿಲಾ ಹೊಳೆ, ಮೇಲೆ ಗಣಿ,
ನಡುವೆ ತಂತಿಯ ಮೇಲೆ ನಾನು,
ಮಕ್ವಾಲಾ, ರೋಪ್‌ವೇ ಪೆಟ್ಟಿಗೆಯವಳು.
ಟಿಕೀಟು ಹರಿಯುವುದು, ಬಾಗಿಲು ಹಾಕುವುದು, ಗಂಟೆ ಒತ್ತುವುದು,
ಮರಳಿನ ಬಕೆಟ್ಟಿನ ಹಿಂದೆ ಪತ್ರಿಕೆ ಇಟ್ಟುಕೊಂಡು
ಬೆಟ್ಟ ಹತ್ತಿಸುವುದು, ಇಳಿಸುವುದು.

ರಕ್ಷಾಪುಟದೊಳಗೆ ಹೆಸರಿನ ಪಟ್ಟಿ:
ಮೊದಲು ಇಲಾರಿಯೋನ್ ಮೇಷ್ಟ್ರು, ಚಂದಾ ಕಟ್ಟಿದವರು ಅವರೇ,
ಆಮೇಲೆ ನರ್ಸು ಪಿಕ್ರಿಯಾ, ಗಣಿಯ ಜುಂಬೇರ್, ಬೇಕರಿಯ ತ್ಸಿಯುರಿ...
ತಲಾ ಮೂರು ದಿನ. ತಡವಾದರೆ ದಂಡ ಒಂದು ಮೇಣದ ಬತ್ತಿ.
ಮ್ಯಾಂಗನೀಸಿನ ಊರು ನಮ್ಮದು.
ಯಾರು ಎಲ್ಲಿ ತಡೆದು ನಿಂತರೆಂದು ಕೇಳಬೇಕಿಲ್ಲ,
ಕವಿತೆಗಳ ಅಂಚಿನಲ್ಲೆಲ್ಲ ಜುಂಬೇರನ ಕಪ್ಪು ಹೆಬ್ಬೆಟ್ಟು.
ವಿಮರ್ಶೆಯ ಪುಟಗಳು ಮಾತ್ರ
ಮದುವೆಯ ಮೇಜುಬಟ್ಟೆಯ ಹಾಗೆ ಬಿಳಿ.

ನವೆಂಬರಿನ ಸಂಚಿಕೆಯಲ್ಲಿ ಮೂವತ್ತೇಳನೆಯ ಪುಟ ಇರಲಿಲ್ಲ.
ಬ್ಲೇಡಿನಲ್ಲಿ ಕೊಯ್ದದ್ದು, ನೇರಕ್ಕೆ, ಬುಡದವರೆಗೆ.
ಪರಿವಿಡಿಯಲ್ಲಿ ‘ಒಂದು ಕವಿತೆ’ ಎಂದಷ್ಟೇ ಇತ್ತು, ಹೆಸರಿಲ್ಲ.
ಅದರ ಬೆನ್ನಿಗಿದ್ದ ಮೂವತ್ತೆಂಟೂ ಹೋಗಿತ್ತು,
ಅಲ್ಲಿ ಮುಗಿಯಬೇಕಿದ್ದ ಒಂದು ಕಥೆಯೂ.
‘ಅವಳು ಬಾಗಿಲು ತೆರೆದಳು, ಮತ್ತು’
ಅಲ್ಲಿಗೆ ಪ್ರಪಾತ.

ಪಿಕ್ರಿಯಾ ಅವಳಿಗೆ ಇನ್ನೊಂದು ಮದುವೆ ಮಾಡಿಸಿದಳು.
ಜುಂಬೇರ್ ಗಂಡನನ್ನು ಸಾಯಿಸಿದ, ಎರಡು ಸಲ,
ಒಂದರಲ್ಲಿ ತೃಪ್ತಿಯಾಗದೆ.
ಬಾಗಿಲಾಚೆ ಗಾಳಿ, ಇನ್ನೇನಿರುತ್ತೆ, ಅಂದಳು ತ್ಸಿಯುರಿ,
ರೊಟ್ಟಿ ತೂಗುತ್ತ.
ಕೊಯ್ದವನು ಯಾರು ಅಂದರೆ ಎಲ್ಲರ ಕಣ್ಣೂ ಜುಂಬೇರನ ಮೇಲೆ:
ಕವಿತೆ ಕಂಡರೆ ಬಿಡದವನು.
ಅವನು ಎರಡೂ ಕೈ ಚಾಚಿದ. ಕೊಯ್ದಲ್ಲಿ ಕಪ್ಪಿದೆಯಾ, ನೋಡಿ.
ಇರಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಂಜೆ, ಹೊಳೆಯ ನೆತ್ತಿಗೆ ಸರಿಯಾಗಿ,
ಕರೆಂಟು ಹೋಯಿತು.
ಪೆಟ್ಟಿಗೆಯಲ್ಲಿ ಆರು ಜನ, ಪಿಕ್ರಿಯಾಳ ಕೋಳಿ.
ಮೊದಲ ಅರ್ಧ ಗಂಟೆ ಯಾರೂ ಮಾತಾಡುವುದಿಲ್ಲ, ಅದು ರೂಢಿ.
ಆಮೇಲೆ ಜುಂಬೇರ್, ಹೊತ್ತು ಹೋಗಲೆಂದು,
ಕಳೆದ ಕವಿತೆ ಹೀಗಿದ್ದಿರಬೇಕು ಎಂದು ಕಟ್ಟತೊಡಗಿದ.
ಎಷ್ಟು ಕೆಟ್ಟದಾಗಿ ಕಟ್ಟಿದನೆಂದರೆ
ಮೇಷ್ಟ್ರಿಗೆ ತಡೆಯಲಾಗಲಿಲ್ಲ.
ಕೋಟಿನೊಳಗಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದರು.

ಕವಿತೆ ಅವರದೇ. ಅರವತ್ತೊಂದನೆಯ ವಯಸ್ಸಿಗೆ ಮೊದಲ ಅಚ್ಚು.
‘ಸಂಜೆಯಾಯಿತು, ಅಮ್ಮ ಬಂದಳು’ ಎಂದು ಕಳಿಸಿದ್ದರಂತೆ.
ನಮ್ಮ ಮಾತಿನಲ್ಲಿ ದೆದಾ ಅಂದರೆ ಅಮ್ಮ, ದೆನಿ ಅಂದರೆ ಕರೆಂಟು;
ಕ್ರಿಯಾಪದಕ್ಕೆ ಹೆಣ್ಣು ಗಂಡು ಭೇದವಿಲ್ಲ,
ಯಾರು ಬಂದರೂ, ಏನು ಬಂದರೂ, ಮೋವಿದಾ.
ಮೊಳೆ ಜೋಡಿಸುವವನು, ಪಾಪ, ಯಾವ ಕತ್ತಲಲ್ಲಿ ಕೂತಿದ್ದನೋ,
ಬಂದಲ್ಲೆಲ್ಲ ಅಮ್ಮನನ್ನು ತೆಗೆದು ಕರೆಂಟು ಕೂರಿಸಿದ್ದ.

ಓದಿ ಮೇಷ್ಟ್ರೇ, ಅಂದಳು ಪಿಕ್ರಿಯಾ, ಅಚ್ಚಾದ ಹಾಗೇ ಓದಿ.

ಸಂಜೆಯಾಯಿತು, ಕರೆಂಟು ಬಂತು.
ಕರೆಂಟು ನನ್ನ ತಲೆ ಸವರಿ ಉಂಡೆಯಾ ಎಂದು ಕೇಳಿತು.

ನಕ್ಕ ರಭಸಕ್ಕೆ ಪೆಟ್ಟಿಗೆ ತೂಗಿ, ತಂತಿ ಕಿರುಗುಟ್ಟಿ,
ಎಲ್ಲರನ್ನೂ ಗದರಿಸಿ ಕೂರಿಸಿದೆ.
ಮೇಷ್ಟ್ರ ಕಿವಿ ಕೆಂಪು. ನಿಲ್ಲಿಸಲಿಲ್ಲ ಅವರು.

ಆ ಚಳಿಗಾಲ ಕರೆಂಟು ಹೋಯಿತು.
ದೊಡ್ಡವರು ಯಾರೂ ನಮಗೆ ಹೇಳಲಿಲ್ಲ.
ಬಾಗಿಲ ಕಡೆ ಮುಖ ಮಾಡಿ
ಕತ್ತಲಲ್ಲೇ ಉಂಡೆವು, ಬಹಳ ದಿನ.

ಪಿಕ್ರಿಯಾ ಕೋಳಿಯ ರೆಕ್ಕೆ ಸವರುತ್ತಿದ್ದಳು.
ಕೆಳಗೆ ಹೊಳೆ, ಅದೇ ಕಪ್ಪು ನೀರು.
ಹಿಂದಿನ ಪುಟ ನೋಡಿ, ಆ ಹೆಂಗಸಿನ ಕಥೆ, ಎಂದ ಜುಂಬೇರ್.
ತಿರುಗಿಸಿ ನೋಡಿದೆವು. ಅಷ್ಟರಲ್ಲಿ ಕತ್ತಲಾಗಿತ್ತು.

ಮಾರನೆಯ ದಿನ ತ್ಸಿಯುರಿ ಮೈದಾ ಕಲಸಿ
ಹಾಳೆಯನ್ನು ಸ್ವಸ್ಥಾನಕ್ಕೆ ಅಂಟಿಸಿದಳು.
ಅಂಟು ಜಾಸ್ತಿಯಾಗಿ
ಮೂವತ್ತೆಂಟು ಮೂವತ್ತೊಂಬತ್ತಕ್ಕೆ ಕಚ್ಚಿಕೊಂಡಿತು.
ಬೇಕಂತಲೇ ಮಾಡಿದಳೆಂದು ಪಿಕ್ರಿಯಾ ಇವತ್ತಿಗೂ ಅನ್ನುತ್ತಾಳೆ.
ಕಿಟಕಿಗೆ ಹಿಡಿದರೆ ಒಂದೇ ಒಂದು ಪದ ತೋರುತ್ತದೆ,
ಅದೂ ತಿರುಗುಮುರುಗು.
‘ಒಳಗೆ’ ಇರಬಹುದು.
ಜುಂಬೇರ್ ಒಪ್ಪುವುದಿಲ್ಲ.